ಅಂಗವಿಕಲತೆಯ ಸಂಶೋಧನೆ ಮತ್ತು ನಮ್ಮ ಕೇರಿಗಳು
(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಿಗ್ಗೆಯಿಂದ ಭೂಮಿ, ಕೂಲಿ, ದೌರ್ಜನ್ಯದ ಮಾತಾಯಿತು. ಈ ಸಭೆಗೆ ನಡೆದು ಬರಲಾಗದೆ ಕೇರಿಯಲ್ಲೇ ಉಳಿದವರ ಬಗ್ಗೆ ಈಗ ಮಾತಾಡೋಣ. ಅವರ ಬಗ್ಗೆ ಈ ದೇಶದಲ್ಲಿ ಸಂಶೋಧನೆ ನಡೆದಿಲ್ಲವೇ? ನಡೆದಿದೆ. ಯಾರ ಪ್ರಶ್ನೆಗೆ ಉತ್ತರ ಹುಡುಕಲು ನಡೆದಿದೆ ಅನ್ನೋದೇ ನಮ್ಮ ತಕರಾರು.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡನ್ನೇ ತಗೊಳ್ಳಿ. 1974-75ರ ಹೊತ್ತಿಗೆ ಅಲ್ಲಿನ ಒಂದು ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿ ಹಿಡಿದುಕೊಳ್ಳುತ್ತೆ. ನಡಿಗೆ ವಾಲುತ್ತೆ. ಕೆಲವರು ಬೆಳೆಯೋದೇ ಇಲ್ಲ, ಕುಳ್ಳಾಗಿ ಉಳೀತಾರೆ. ಬಲಿತರೆ ಹಾಸಿಗೆಯೇ ಗತಿ. ಬಂದದ್ದು ಯಾರಿಗೆ? ಹೆಚ್ಚಾಗಿ ಚನ್ನಂಗಿ, ಛಲವಾದಿ ಜನಕ್ಕೆ. ಅಂದರೆ ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ದುಡಿಯುವ ನಮ್ಮವರಿಗೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದು ಎಂಬ ಅನುಮಾನ ಹುಟ್ಟಿತು. (ಗದ್ದೆ ಯಾರದು, ಔಷಧಿ ಯಾರು ಹೊಡೆಸಿದ್ದು ಅಂತ ಕೇಳಬೇಡಿ, ಜಗಳವಾಗುತ್ತೆ.) ಆಮೇಲೆ ಎಕ್ಸ್‌ರೇ ತೆಗೆದು, ವಂಶಾವಳಿ ಬರೆದುಕೊಂಡು ನೋಡಿದಾಗ, ಇದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ಕಾಯಿಲೆ, ತಂದೆತಾಯಿಯಲ್ಲಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲದು ಎಂದು 1990ರ ದಶಕದಲ್ಲಿ ಪ್ರಕಟವಾಯಿತು.

ವಿಜ್ಞಾನಿಗಳನ್ನು ನಾವು ಹಳಿಯುತ್ತಿಲ್ಲ. ಶಾಪ, ಕರ್ಮ ಅನ್ನುವ ಬಾಯಿಗಳನ್ನು ಮುಚ್ಚಿಸಲು ಕಾರಣ ತಿಳಿಯಲೇಬೇಕು. ಆದರೆ ಕಾರಣ ಏಡಿಯೇ ಆಗಲಿ, ವಂಶವೇ ಆಗಲಿ, ಸೊಂಟ ಬಗ್ಗದ ಹೆಂಗಸಿಗೆ ನಾಟಿ ಕೂಲಿ ಹೋಯಿತಲ್ಲ? ಅವಳು ಕಕ್ಕಸಿಗೆ ಹೇಗೆ ಕೂರ್ತಾಳೆ? ಅವಳಿಗೆ ನೀರು ಸೇದಿಕೊಡೋರು ಯಾರು? ಅವಳನ್ನು ನೋಡಿಕೊಳ್ಳಲು ಯಾವ ಮಗು ಶಾಲೆ ಬಿಟ್ಟಿತು? ಇದನ್ನು ಕೇಳೋಕೆ ಎಕ್ಸ್‌ರೇ ಬೇಕಿಲ್ಲ. ಕಾರಣ ಗೊತ್ತಾಗೋವರೆಗೆ ಹೊಟ್ಟೆ ಕಾಯುತ್ತಾ?

ಬದುಕನ್ನು ನೋಡಿ ಮಾಡಿದ ಸಂಶೋಧನೆಯೂ ಈ ದೇಶದಲ್ಲಿದೆ. ಪರದೇಶದ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಕೂರೋಕಾಗದು, ಕೆಸರಿಗೆ ಇಳಿಯೋಕಾಗದು. ಜೈಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ, ಡಾಕ್ಟರ್ ಪಿ.ಕೆ. ಸೇಥಿ ಸೇರಿ 1960ರ ದಶಕದ ಕೊನೆಗೆ ರಬ್ಬರಿನ ಪಾದ ಮಾಡಿದರು. ಬರಿಗಾಲಲ್ಲಿ ಗದ್ದೆಗಿಳಿಯುವವನಿಗೆ ಆಗಿಬರುವ ಪಾದ ಅದು. 1981ರ ಮ್ಯಾಗ್ಸೆಸೆ ಪ್ರಶಸ್ತಿ ಡಾಕ್ಟರಿಗೆ ಬಂತು. ಕೈಯಿಂದ ಪಾದ ಮಾಡಿದವನ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಇನ್ನು ತಲೆ ಎಣಿಸುವ ಕತೆ. 1941ರಿಂದ 1971ರವರೆಗಿನ ಜನಗಣತಿಗಳಲ್ಲಿ ಅಂಗವಿಕಲರನ್ನು ಎಣಿಸಲೇ ಇಲ್ಲ. 1981ರಲ್ಲಿ ಎಣಿಸಿದರು, 1991ರಲ್ಲಿ ಮತ್ತೆ ಬಿಟ್ಟರು. 2011ರ ಲೆಕ್ಕದಲ್ಲಿ ಒಟ್ಟು 2.68 ಕೋಟಿ, ಜನಸಂಖ್ಯೆಯ ಶೇಕಡ 2.21. ಪರಿಶಿಷ್ಟ ಜಾತಿಗಳಲ್ಲಿ ಶೇಕಡ 2.45. ಈ ಹೆಚ್ಚಳ ಎಲ್ಲಿಂದ ಬಂತು? ಹೊಟ್ಟೆಗಿಲ್ಲದ ಬಸುರಿಯಿಂದಲೋ, ಮಾಡಿಸುವ ಕೆಲಸದಿಂದಲೋ, ಆಸ್ಪತ್ರೆಯ ದೂರದಿಂದಲೋ? ಸಂಶೋಧಕರು ನಮ್ಮ ಕೇರಿಗೆ ಬರುವುದಾದರೆ ಈ ಪ್ರಶ್ನೆ ಹಿಡಿದುಕೊಂಡು ಬರಲಿ.

ಮಾಸಾಶನ, ಬಸ್ ಪಾಸು, ಮೀಸಲು ನೌಕರಿ ಎಲ್ಲಕ್ಕೂ ಒಂದು ಪ್ರಮಾಣಪತ್ರ ಬೇಕು. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಅದು ಇದ್ದದ್ದು ನೂರಕ್ಕೆ 28.8 ಜನರಿಗೆ. ಉಳಿದವರು ಅಂಗವಿಕಲರೇ ಅಲ್ಲವೇ? ತೆವಳುವವನೇ ಜಿಲ್ಲಾ ಆಸ್ಪತ್ರೆಗೆ ಹೋಗಿ ತಾನು ತೆವಳುತ್ತೇನೆ ಅಂತ ರುಜುವಾತು ಮಾಡಬೇಕು! 2015ರಲ್ಲಿ ಪ್ರಧಾನಿಯವರು 'ದಿವ್ಯಾಂಗ' ಅನ್ನುವ ಹೆಸರು ಕೊಟ್ಟರು. ಹೆಸರಲ್ಲಿ ದೇವರನ್ನು ಸೇರಿಸೋದು ನಮಗೆ ಹೊಸದಲ್ಲ; 'ಹರಿಜನ' ಅನ್ನಿಸಿಕೊಂಡವರು ನಾವು.

ಮುಂದಿನ ಸಭೆಗೆ ಬರುವಾಗ ಪ್ರತಿ ಶಾಖೆಯೂ ತನ್ನ ಕೇರಿಯ ಪಟ್ಟಿ ತರಬೇಕು. ಯಾರಿಗೆ ಪತ್ರ ಇಲ್ಲ, ಯಾರಿಗೆ ಊರುಗೋಲು ಇಲ್ಲ, ಯಾವ ಮಗು ಶಾಲೆಗೆ ಹೋಗುತ್ತಿಲ್ಲ, ಯಾರು ಕಕ್ಕಸಿಗೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಹಟ್ಟಿಯೊಳಗೆ ಹೋಗಿ, ಅವರ ಬಾಯಿಂದಲೇ ಕೇಳಿ ಬರೆಯಿರಿ. ಪಟ್ಟಿಯನ್ನು ತಹಸೀಲ್ದಾರರ ಕಚೇರಿಗೆ ನಾವೇ ಒಯ್ಯೋಣ. ನಡೆಯಲಾಗದವರನ್ನು ಗಾಡಿಯಲ್ಲಿ ಕರೆದುಕೊಂಡೇ ಹೋಗೋಣ.