ಅಡುಗೆಮನೆಯೂ ಕೆಲಸದ ಜಾಗವೇ

ಬೆಳಗಿನ ಐದೂವರೆಗೆ ಬೆಂಗಳೂರಿನ ಹೊರವಲಯದ ಯಾವುದಾದರೂ ಖಾಲಿ ನಿವೇಶನದ ಕಡೆ ಹೋಗಿ ನೋಡಿ. ತಗಡಿನ ಶೆಡ್ಡುಗಳ ಸಾಲು, ಮೇಲೆ ನೀಲಿ ಟಾರ್ಪಾಲು. ನೀರಿನ ಡ್ರಮ್ಮಿನ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಮಾತು ರಾಯಚೂರು, ಯಾದಗಿರಿ ಕಡೆಯದು. ಮಳೆ ಕೈಕೊಟ್ಟಿತೆಂದೋ ಸಾಲ ತೀರಲಿಲ್ಲವೆಂದೋ ಮನೆಗೆ ಬೀಗ ಹಾಕಿ ಗುಳೆ ಬಂದವರು. ಗಂಡ ಕಟ್ಟಡದ ಕೆಲಸಕ್ಕೆ ಹೊರಟರೆ, ಹೆಂಡತಿ ಏಳರೊಳಗೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿರಬೇಕು.

ಅಲ್ಲಿಂದ ಮುಂದೆ ಅವಳ ದಿನ ಮನೆಗಳ ಲೆಕ್ಕ. ಒಂದು ಮನೆಯಲ್ಲಿ ಮುಸುರೆ, ಇನ್ನೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವುದು, ಮತ್ತೊಂದರಲ್ಲಿ ಬಟ್ಟೆ. ನೆಂಟರು ಬಂದು ಪಾತ್ರೆ ಎರಡರಷ್ಟಾದರೂ ಸಂಬಳ ಅಷ್ಟೇ. ದಿನವಿಡೀ ಸೋಪಿನ ನೀರಿನಲ್ಲಿರುವ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಬೆರಳ ಸಂದಿ ಬೆಳ್ಳಗೆ ಬಿರಿದು, ಉಗುರಿನ ಬುಡ ಊದಿಕೊಂಡಿರುತ್ತದೆ. ರಾತ್ರಿ ಅದೇ ಕೈಯಲ್ಲಿ ರೊಟ್ಟಿ ಬಡಿಯಬೇಕು, ಖಾರ ಅರೆಯಬೇಕು. ಶೌಚಾಲಯ ಬಳಸಲೇ ಎಂದು ಕೇಳಲು ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡವರಿದ್ದಾರೆ. ಕಾಫಿ ಸಿಕ್ಕರೂ ಎಷ್ಟೋ ಮನೆಗಳಲ್ಲಿ ಲೋಟ ಬೇರೆ. ಊರಿನಲ್ಲಿ ಮಗುವಿಗೆ ಜ್ವರವೆಂದು ನಾಲ್ಕು ದಿನ ಹೋಗಿ ಬಂದರೆ ಸಂಬಳ ಕಡಿತ, ಕೆಲವೊಮ್ಮೆ ಕೆಲಸವೇ ಬೇರೆಯವರ ಪಾಲು.

ಕಾನೂನು ಇಲ್ಲವೇ? ಇದೆ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿತು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಇವರನ್ನೂ ಕಾರ್ಮಿಕರೆಂದು ಎಣಿಸಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಸ್ಥಳವೇ. ಮನೆಗೆಲಸದ ಹೆಂಗಸು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿದಾಗ ಭಾರತ ಅದರ ಪರ ಮತ ಹಾಕಿತು. ಆದರೆ ಅದನ್ನು ಸ್ಥಿರೀಕರಿಸಲಿಲ್ಲ.

ಹಾಗಾದರೆ ತೊಡಕು ಎಲ್ಲಿ? ಕಾರ್ಖಾನೆಯಲ್ಲಿ ಹಾಜರಿ ಪುಸ್ತಕವಿದೆ, ಸಂಬಳದ ಚೀಟಿಯಿದೆ, ತಪಾಸಣೆಗೆ ಬರುವ ಅಧಿಕಾರಿಯಿದ್ದಾರೆ. ಮನೆಯಲ್ಲಿ ಇರುವುದು ಬಾಯಿಮಾತು ಮಾತ್ರ. ಇಲ್ಲಿ ಕೆಲಸ ಮಾಡಿದ್ದೆ ಎಂದು ತೋರಿಸಲು ಅವಳ ಬಳಿ ಒಂದು ಕಾಗದವೂ ಇಲ್ಲ. ಹೊಸ ಊರಿನಲ್ಲಿ ಅವಳ ಪರ ನಾಲ್ಕು ಮಾತಾಡುವವರೂ ಇಲ್ಲ. ಮನೆಯಲ್ಲಿ ಒಡವೆ ಕಾಣದಿದ್ದರೆ ಮೊದಲ ಅನುಮಾನ ಬೀಳುವುದು ಅವಳ ಮೇಲೆಯೇ.

“ನಮ್ಮ ಮನೆಯವಳ ಹಾಗೇ ನೋಡಿಕೊಳ್ಳುತ್ತೇವೆ” ಎನ್ನುತ್ತೇವೆ. ಹಬ್ಬಕ್ಕೆ ಸೀರೆ ಕೊಡುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತೇವೆ. ಆದರೆ ಸೀರೆ ರಜೆಯ ಬದಲಿಗಲ್ಲ, ಮಿಕ್ಕ ಅನ್ನ ಸಂಬಳದ ಬದಲಿಗಲ್ಲ. ಕೊಡುವವರ ಮನಸ್ಸು ಬದಲಾದರೆ ದಯೆ ನಿಂತುಹೋಗುತ್ತದೆ. ಹಕ್ಕು ಹಾಗೆ ನಿಲ್ಲಬಾರದು.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಜೊತೆ ಇವತ್ತು ಹತ್ತು ನಿಮಿಷ ಕುಳಿತುಕೊಳ್ಳಿ. ಏನೇನು ಕೆಲಸ, ಎಷ್ಟು ಹೊತ್ತು, ಎಷ್ಟು ಸಂಬಳ, ವಾರದ ರಜೆ ಯಾವತ್ತು, ಕಾಯಿಲೆ ಬಿದ್ದರೆ ಏನು ಎಂಬುದನ್ನು ಮಾತಾಡಿ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಅವರಿಗೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಅವರ ಕೈಗೆ ಕೊಡಿ.