ಹಳೆ ಗಾಡಿಯ ಕಾರ್ಬುರೇಟರ್: ಬಿಚ್ಚಿ ಕಟ್ಟಬೇಕೋ, ಹೊಸದು ತರಬೇಕೋ?

(ಮೋರಟಗಿಯಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಲಾರಿಗೆ ಕಾರ್ಬುರೇಟರ್ ಇದ್ದ ಕಾಲ ಹೋಗಿ ಬಹಳ ವರ್ಷಗಳಾದವು. ಡಾಡ್ಜ್, ಫಾರ್ಗೊ, ಬೆಡ್‌ಫರ್ಡ್ ಪೆಟ್ರೋಲ್ ಲಾರಿಗಳು ಈ ದೇಶದಲ್ಲಿ ಓಡಿದ್ದುಂಟು. 1951ರಲ್ಲಿ ಮೈಕೋ ಕಂಪನಿ ಹುಟ್ಟಿತು. 1954ರಲ್ಲಿ ಟಾಟಾದವರು ಮರ್ಸಿಡಿಸ್ ಬೆಂಜ್ ಜೊತೆ ಸೇರಿ ಡೀಸೆಲ್ ಲಾರಿ ತಂದರು. ಪೆಟ್ರೋಲ್ ಲಾರಿ ಮೆಲ್ಲಗೆ ಮೂಲೆ ಸೇರಿತು. ಡೀಸೆಲ್ ಗಾಡಿಗೆ ಪಂಪು, ನಾಜಲ್ ಇರ್ತಾವ, ಕಾರ್ಬುರೇಟರ್ ಇರೋದಿಲ್ಲ.

ಹಂಗಾದ್ರ ಇವತ್ತು ಈ ಮಾತು ಯಾಕ ಅಂತೀರಿ? ಮೋರಟಗಿಯಿಂದ ಸಿಂದಗಿ ಪ್ಯಾಟಿಗೆ ತೊಗರಿ ಚೀಲ ಹಾಕಿಕೊಂಡು ಹೋಗುವ ಸಣ್ಣ ರೈತನ ಅಂಗಳದಲ್ಲಿ ಇನ್ನೂ ಹಳೆ ಪೆಟ್ರೋಲ್ ಜೀಪು, ಹಳೆ ಓಮ್ನಿ, ಲೋಡ್ ಆಟೋ ನಿಂತಿರ್ತಾವ. ಅವನ ಪಾಲಿಗೆ ಅದೇ ಲಾರಿ. ಅದು ದಾರ್ಯಾಗ ಕೆಮ್ಮಿ ನಿಂತಿತಂದ್ರ ಮಿಸ್ತ್ರಿ ಒಂದೇ ಮಾತು ಹೇಳ್ತಾನ: “ಕಾರ್ಬುರೇಟರ್ ಹೋಗ್ಯಾದ, ಹೊಸದು ಹಾಕ್ರಿ.” ರೈತ ಕೈಗಡ ತರಲು ಓಡುತ್ತಾನೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 36 ಆಯಿತು. ಗಾಡಿಯ ಸಾಲ ಬೆಳೆಯ ಸಾಲಕ್ಕೆ ಗಂಟು ಬೀಳುತ್ತದೆ.

ಸಾಲಕ್ಕೆ ಕೈ ಚಾಚುವ ಮೊದಲು ನೀವೇ ನೋಡಬೇಕಾದ್ದು ಬಹಳ ಇದೆ. ಪ್ಲಗ್, ಪಾಯಿಂಟ್, ಟಾಕಿಯ ತಳದ ಕೆಸರು, ಪೆಟ್ರೋಲ್ ಫಿಲ್ಟರ್, ಏರ್ ಫಿಲ್ಟರ್ ಇವನ್ನು ಮೊದಲು ತಪಾಸಿಸಿ. ನಮ್ಮ ಎರೆ ಭೂಮಿಯ ಧೂಳು ಏರ್ ಫಿಲ್ಟರನ್ನು ಕಟ್ಟಿದರೆ ಗಾಡಿ ಕರಿ ಹೊಗೆ ಉಗುಳುತ್ತದೆ, ಬೈಗುಳ ಕಾರ್ಬುರೇಟರಿಗೆ ಬೀಳುತ್ತದೆ.

ಕಾರ್ಬುರೇಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಮನೆಯ ನೀರಿನ ಟಾಕಿಯಲ್ಲಿ ತೇಲುಗುಂಡು ಮೇಲೆದ್ದು ನೀರು ನಿಲ್ಲಿಸುತ್ತದಲ್ಲ, ಹಾಗೇ ಇಲ್ಲಿ ಫ್ಲೋಟ್ ಎದ್ದು ಸೂಜಿಯಿಂದ ಪೆಟ್ರೋಲ್ ತಡೆಯುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ಜೋರಾಗಿ ನುಗ್ಗಿ, ಜೆಟ್ಟಿನ ತೂತಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲ್ ಸೋರಿ ವಾಸನೆ ಬಂದರೆ ಸೂಜಿ ಸವೆದಿದೆ ಇಲ್ಲವೆ ಫ್ಲೋಟ್ ತೂತಾಗಿದೆ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಗುಳುಗುಳು ಅಂದರೆ ಪೆಟ್ರೋಲ್ ಹೊಕ್ಕಿದೆ. ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕಬಹುದು, ಆದರೆ ಒಳಗಿನ ಪೆಟ್ರೋಲ್ ಪೂರಾ ಆರಿದ ಮೇಲೆಯೇ. ಬೆಸುಗೆ ತೀರಾ ಕಡಿಮೆ ಇರಲಿ. ಫ್ಲೋಟ್ ಭಾರವಾದರೆ ತಗ್ಗಿ ತೇಲುತ್ತದೆ, ಪೆಟ್ರೋಲಿನ ಮಟ್ಟ ಏರುತ್ತದೆ, ಮತ್ತೆ ಕರಿ ಹೊಗೆ. ನಿಂತಲ್ಲಿ ಆಫ್ ಆಗುತ್ತಿದ್ದರೆ ಸಣ್ಣ ಜೆಟ್ ಕಟ್ಟಿದೆ, ಇಲ್ಲ ಗ್ಯಾಸ್ಕೆಟಿನಲ್ಲಿ ಕಳ್ಳಗಾಳಿ ನುಗ್ಗುತ್ತಿದೆ. ಆಕ್ಸಿಲೇಟರ್ ಒತ್ತಿದ ಕೂಡಲೇ ಒಮ್ಮೆ ಮುಗ್ಗರಿಸಿದರೆ ಪಂಪಿನ ಡಯಾಫ್ರಮ್ ನೋಡ್ರಿ.

ಜೆಟ್ಟಿನೊಳಗೆ ತಂತಿ ಹಾಕಿ ಕೆದರಬ್ಯಾಡ್ರಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ತಿಂಗಳುಗಟ್ಟಲೆ ಪೆಟ್ರೋಲ್ ಕುಡಿಯುತ್ತದೆ. ಗಾಳಿಯಿಂದ ಊದಿದರೆ ಸಾಕು. (ಬೀಡಿ ಹಚ್ಚಿಕೊಂಡು ಕಾರ್ಬುರೇಟರ್ ಬಿಚ್ಚುವವರಿಗೆ ಹೇಳುವ ಬುದ್ಧಿ ನನ್ನ ಹತ್ತಿರ ಇಲ್ಲ.)

ಮುಖ್ಯ ತಪಾಸಣೆ ಬಟರ್‌ಫ್ಲೈ ಕೂಡುವ ದಂಡದ್ದು. ಅದನ್ನು ಬೆರಳಿಂದ ಹಿಡಿದು ಅಲುಗಾಡಿಸಿ. ಗಟ್ಟಿ ಇದ್ದರೆ ರಿಪೇರಿ ಕಿಟ್ ತಂದು ಕಟ್ಟಿದರಾಯಿತು. ಸೂಜಿ, ಗ್ಯಾಸ್ಕೆಟ್, ಡಯಾಫ್ರಮ್ ಎಲ್ಲಾ ಅದರೊಳಗೇ ಬರ್ತಾವ. ಗಡಗಡ ಅಂದರೆ ಎಷ್ಟು ಕಿಟ್ ಹಾಕಿದರೂ ಕಳ್ಳಗಾಳಿ ನಿಲ್ಲುವುದಿಲ್ಲ. ಲೇತ್ ಅಂಗಡಿಯಲ್ಲಿ ಬುಷ್ ಕೂಡಿಸಬೇಕು. ಅದೂ ಆಗದಿದ್ದರೆ, ಇಲ್ಲವೆ ಬಾಡಿಯೇ ಬಿರುಕು ಬಿಟ್ಟಿದ್ದರೆ, ಹೊಸದು ತರುವುದೇ ಸರಿ. ಆಗ ಜಿಪುಣತನ ಬೇಡ. 10 ಕಿಲೋಮೀಟರ್ ಕೊಡಬೇಕಾದ ಗಾಡಿ 7 ಕೊಟ್ಟರೆ, 1000 ಕಿಲೋಮೀಟರಿಗೆ ಸುಮಾರು 43 ಲೀಟರ್ ಹೆಚ್ಚು ಸುಡುತ್ತದೆ. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ 4,300 ರೂಪಾಯಿ ಹೊಗೆಯಾಯಿತು. ಆದರೆ ಅಗ್ಗದ ನಕಲಿ ಮಾಲು ತರಬೇಡಿ. ಬೇರೆ ಗಾಡಿಯ ಕಾರ್ಬುರೇಟರ್ ಕೂಡಿಸುವುದೂ ಬೇಡ; ಬೋಲ್ಟು ಕೂಡಿದ ಮಾತ್ರಕ್ಕೆ ಒಳಗಿನ ಅಳತೆ ಕೂಡುವುದಿಲ್ಲ.

ಇನ್ನು ಈಚಿನ ಒಂದು ಸಂಗತಿ ಹೇಳಲೇಬೇಕು. ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ 2022ರಲ್ಲಿ ನೂರಕ್ಕೆ 10 ಆಯಿತು, 2025ರಲ್ಲಿ 20ಕ್ಕೆ ಮುಟ್ಟಿತು. ಕಬ್ಬಿನಿಂದಲೂ ಮೆಕ್ಕೆಜೋಳದಿಂದಲೂ ಅದನ್ನು ತೆಗೆಯುತ್ತಾರೆ. ಅಂದರೆ ನಾವು ಬೆಳೆದದ್ದೇ ನಮ್ಮ ಟಾಕಿಗೆ ಬರುತ್ತಿದೆ. ಒಳ್ಳೇದೇ. ಆದರೆ ಎಥೆನಾಲಿನ ಕಸುವು ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆ ನಾಲ್ಕು ಗಾಲಿ ಗಾಡಿಗಳಿಗೆ ಮೈಲೇಜ್ ನೂರಕ್ಕೆ 6–7ರಷ್ಟು ಇಳಿಯಬಹುದೆಂದು 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿದೆ. ಕಬ್ಬಿಗೆ 2025–26ರ ಹಂಗಾಮಿಗೆ ಕೇಂದ್ರ ಕಟ್ಟಿದ ದರ ಕ್ವಿಂಟಲಿಗೆ 355 ರೂಪಾಯಿ, ಅದೂ 10.25 ಇಳುವರಿಗೆ. ಇಳಿದ ಮೈಲೇಜಿನ ದರವನ್ನು ಕಟ್ಟಿಕೊಡುವವರು ಯಾರು?

ಹೊಸ ಗಾಡಿಯಲ್ಲಿ ಕಂಪ್ಯೂಟರ್ ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿನ ಜೆಟ್ ಎಷ್ಟಿದೆಯೋ ಅಷ್ಟೇ. ಗಾಳಿ ಹೆಚ್ಚಾಗಿ ಎಂಜಿನ್ ಕಾಯುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಪ್ಲಗ್ ಇಟ್ಟಿಗೆ ಬಣ್ಣ ಇದ್ದರೆ ಏನೂ ಮುಟ್ಟಬೇಡಿ. ಎಲ್ಲಾ ಸ್ವಚ್ಛ ಮಾಡಿ, ಕಳ್ಳಗಾಳಿ ನಿಲ್ಲಿಸಿದ ಮೇಲೂ ಬೆಳ್ಳಗೇ ಇದ್ದರೆ ಮಾತ್ರ ಮೇನ್ ಜೆಟ್ ಒಂದು ನಂಬರ್ ಏರಿಸಿ. ಸೋಲೆಕ್ಸ್‌ನಲ್ಲಿ 120 ಅಂದರೆ 1.20 ಮಿಲಿಮೀಟರ್ ತೂತು. 125 ಹಾಕಿದರೆ ತೂತಿನ ವಿಸ್ತಾರ ನೂರಕ್ಕೆ ಎಂಟೂವರೆಯಷ್ಟು ಹೆಚ್ಚುತ್ತದೆ. ಈ ಪೆಟ್ರೋಲಿಗೆ ಬೇಕಾದದ್ದು ಹತ್ತಿರ ಹತ್ತಿರ ಅಷ್ಟೇ.

ಎಥೆನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನೂ ಹೀರುತ್ತದೆ. ಕಿಟ್ ಕೊಳ್ಳುವಾಗ ಎಥೆನಾಲ್ ತಡೆಯುವ ರಬ್ಬರ್ ಹೌದೋ ಅಲ್ಲವೋ ಕೇಳಿ, ಪೈಪನ್ನೂ ಬದಲಿಸಿ. ತೊಗರಿ ಸುಗ್ಗಿ ಮುಗಿದು ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರ್ ಬರಿದು ಮಾಡಿಡಿ. ಇಲ್ಲದಿದ್ದರೆ ಒಳಗೆ ಬಿಳಿ ಪುಡಿ ಕಟ್ಟಿ ಜೆಟ್ ಮುಚ್ಚಿಹೋಗುತ್ತದೆ.

ಕಡೆಗೂ ಹೊಸದೇ ಹಾಕಿಸಿದಿರಿ ಅನ್ನಿ. ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬ್ಯಾಡ್ರಿ, ಕೇಳಿ ಇಸಗೊಳ್ರಿ. ಅದರ ಜೆಟ್ಟು, ಫ್ಲೋಟು, ಸ್ಕ್ರೂ ಮುಂದ ನಿಮಗೋ ಪಕ್ಕದ ಹೊಲದವನಿಗೋ ಕೆಲಸಕ್ಕ ಬರ್ತಾವ.