ನದಿಗೆ ಬಿಟ್ಟ ಬಟ್ಟೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕರಾವಳಿಯ ಊರವರು ಸೇರಿ ಕಡಲ ತೀರ ಗುಡಿಸುವುದನ್ನು ಟೀವಿಯಲ್ಲಿ ನೋಡಿದ್ದೀರಿ. ಪಡುಬಿದ್ರಿ, ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ನಮಗೆ ಕಡಲಿಲ್ಲ, ನಮಗೇಕೆ ಆ ಉಸಾಬರಿ ಎನ್ನಬೇಡಿ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಪಾಂಡವಪುರ ತಾಲ್ಲೂಕು ಹಾದು ಕರಿಘಟ್ಟದ ಹತ್ತಿರ ಕಾವೇರಿಗೆ ಸೇರುತ್ತದೆ. ಕೆ.ಆರ್. ಪೇಟೆಯ ಹೇಮಾವತಿ ಕನ್ನಂಬಾಡಿ ಹಿನ್ನೀರಿಗೆ ಬರುತ್ತದೆ. ನಮ್ಮ ಹಳ್ಳಕ್ಕೆ ಎಸೆದ ಶಾಂಪೂ ಚೀಟಿ ಯಾವ ಕಟ್ಟೆಯಲ್ಲೂ ಸಿಕ್ಕಿಕೊಳ್ಳದಿದ್ದರೆ ಪೂಂಪುಹಾರಿನ ಕಡಲಿಗೇ ಹೋಗುವುದು.

ನಾನು ಹೇಳಬೇಕೆಂದಿರುವುದು ಶ್ರೀರಂಗಪಟ್ಟಣದ ದಡದ ಮಾತು. ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟರು. ಅಲ್ಲಿಗೆ, ಸಂಗಮಕ್ಕೆ, ಗೋಸಾಯಿ ಘಾಟಿಗೆ ದೂರದೂರದಿಂದ ಜನ ಅಸ್ಥಿ ತರುತ್ತಾರೆ. ಕರ್ಮ ಮುಗಿದ ಮೇಲೆ ತೀರಿಹೋದವರ ಬಟ್ಟೆ, ದಿಂಬು, ಫೋಟೋ ಕೂಡ ನೀರಿಗೆ ಹೋಗುತ್ತವೆ. ನಾವು ಐದಾರು ಜನ ಕೊಕ್ಕೆ ಹಿಡಿದು ಎಳೆಯುತ್ತೇವೆ. ಮರಳು ತುಂಬಿದ ಒಂದು ಸೀರೆ ಎತ್ತಲು ಇಬ್ಬರು ಬೇಕು. ಅಜ್ಜನ ಕಾಲದ ಹತ್ತಿ ಪಂಚೆ ಕೊಳೆತು ಮಣ್ಣಾಗುತ್ತಿತ್ತು, ಪಾಲಿಯೆಸ್ಟರ್ ಕೊಳೆಯುವುದಿಲ್ಲ. ಸಂಪ್ರದಾಯ ಹಳೆಯದೇ, ಬಟ್ಟೆ ಬೇರೆಯಾಯಿತು. ಕಲ್ಲಿನ ಸಂದಿಯಲ್ಲಿ ಬಿಗಿದುಕೊಂಡ ಬಟ್ಟೆಗೆ ಆಮೆಯೂ ಸಿಕ್ಕೀತು, ನೀರುನಾಯಿಯೂ ಸಿಕ್ಕೀತು. ಸ್ವಲ್ಪ ಮೇಲಕ್ಕೆ ರಂಗನತಿಟ್ಟು ಇದೆ. ಸಲೀಂ ಅಲಿಯವರ ಮಾತಿಗೆ ಒಪ್ಪಿ 1940ರಲ್ಲಿ ಮೈಸೂರು ಸಂಸ್ಥಾನ ಪಕ್ಷಿಧಾಮ ಮಾಡಿದ ಜಾಗ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಮೊಸಳೆಗಳಿವೆ, ಹೊಳೆಗೆ ಬೇಲಿಯಿಲ್ಲ. ಆದ್ದರಿಂದ ಮಕ್ಕಳೇ, ಎಷ್ಟೇ ಉತ್ಸಾಹವಿದ್ದರೂ ನೀರಿಗಿಳಿಯಬೇಡಿ, ದಡದ ಕೆಲಸವೇ ಬೇಕಾದಷ್ಟಿದೆ.

ಒಂದು ಬೆಳಿಗ್ಗೆ ಒಬ್ಬ ಹುಡುಗ ತಂದೆಯ ಶರಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ದುಃಖದಲ್ಲಿರುವವನಿಗೆ ಕಸದ ಪಾಠ ಹೇಳುವುದು ಹೇಗೆ? ನಮ್ಮ ಜೊತೆಯಲ್ಲಿದ್ದ ಹಿರಿಯರು ಹತ್ತಿರ ಹೋಗಿ, "ಒಂದು ಸಲ ಅದ್ದಿ ತೆಗಿ ಮಗಾ, ಗಂಗಮ್ಮನಿಗೆ ಮುಟ್ಟುತ್ತೆ, ಉಳಿದದ್ದು ನಮಗೆ ಕೊಡು" ಎಂದರು. ಅವನು ಅದ್ದಿದ, ಹಿಂಡಿದ, ಮಡಿಸಿ ಕೊಟ್ಟ. ಎಲ್ಲರೂ ಹಾಗೆ ಕೊಡುವುದಿಲ್ಲ; ಬೈದವರೂ ಇದ್ದಾರೆ. ಆದರೂ ಫಲಕ ಬರೆಸಿ ನಿಲ್ಲಿಸುವುದಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿದೆ.

ಇನ್ನೊಂದು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬ್ಯಾನರ್ ಕಟ್ಟಿ, ಕೈಗವಸು ಹಾಕಿ, ಒಂದು ಗಂಟೆ ಆರಿಸಿ, ಫೋಟೋ ತೆಗೆಸಿ, ಮೂಟೆಗಳನ್ನು ದಡದಲ್ಲೇ ಬಿಟ್ಟು ಹೋಗುವವರಿದ್ದಾರೆ. ರಾತ್ರಿ ನಾಯಿ ಎಳೆಯುತ್ತದೆ, ಮಳೆ ಬಂದರೆ ಅದೇ ಕಸ ಮತ್ತೆ ಹೊಳೆಗೆ. ಉಳಿದದ್ದನ್ನು ಹೊರುವವರು ಪೌರಕಾರ್ಮಿಕರು, ಅವರ ಫೋಟೋ ಯಾರೂ ತೆಗೆಯುವುದಿಲ್ಲ. ಆರಿಸುವುದು ಅರ್ಧ ಕೆಲಸ, ಸಾಗಿಸುವುದು ಇನ್ನರ್ಧ. ತೊಣ್ಣೂರು ಕೆರೆ ಏರಿಯ ಬಾಟಲಿ ಚೂರುಗಳಿಗೂ ಇದೇ ಮಾತು.

ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ತಿಂಗಳಿಗೊಂದು ದಿನದ ಟ್ರ್ಯಾಕ್ಟರ್ ಬಾಡಿಗೆ ಮತ್ತು ಡೀಸೆಲ್ ನೀವು ನೋಡಿಕೊಳ್ಳಿ. ಆಳು ಊರಿನಲ್ಲಿದ್ದೇವೆ. ಪ್ರತಿ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರೂವರೆಗೆ, ಶಾಲೆಯ ಗೇಟಿನ ಮುಂದೆ. ಬರುವವರು ಗೋಣಿಚೀಲ ತನ್ನಿ, ಕೊಕ್ಕೆ ನಮ್ಮಲ್ಲಿದೆ.